ಹಾಸು ಸಡಿಲಿಸುವ ಹೊತ್ತು

ಈ ಭೂಮಂಡಲದ ಮೇಲೆ ಬಿಗಿಯಾಗಿ ಕಟ್ಟಿದ ಯಾವ ವಸ್ತುವೂ ಸಂಜೆ ಆರರ ನಂತರ ಸುರಕ್ಷಿತವಲ್ಲ. ಯಾಕೆಂದರೆ ನಮ್ಮ ಕಾಕಾ ಇದ್ದಾನೆ!

ಹಗ್ಗ, ಲಾಡಿ, ಪಟ್ಟಿ, ಗುಂಡಿ, ಗಂಟು ಯಾವುದೂ ಆ ಹೊತ್ತಿನಲ್ಲಿ ಅವನ ಕಣ್ಣಿಗೆ ಬೀಳಬಾರದು. ಬಿತ್ತೋ, ಅವನ ಬಲಗೈಯ ಎರಡು ಬೆರಳು ಒಡೆಯನ ಅಪ್ಪಣೆಗೂ ಕಾಯದೆ ಅತ್ತ ಹೊರಟುಬಿಡುತ್ತವೆ. ಕಾಕಾನನ್ನು 'ಅವನು' ಎನ್ನುತ್ತಿದ್ದೇನೆಂದು ಸಭ್ಯ ಓದುಗರು ಹುಬ್ಬು ಗಂಟಿಕ್ಕಬಾರದು. ನಮ್ಮ ಕಡೆ ತೀರ ಹತ್ತಿರದವರನ್ನು ಹಾಗೆಯೇ ಅನ್ನುವುದು. ಅಷ್ಟರ ಮೇಲೂ ಗಂಟಿಕ್ಕಿದರೆ ಆ ಗಂಟನ್ನೂ ಸಡಿಲಿಸಲು ಅವನು ಬಂದಾನು, ಎಚ್ಚರ!

ಕಾಕಾ ಇಳಕಲ್ಲಿನ ನೇಕಾರ. ನಮ್ಮಪ್ಪ ಮಗ್ಗ ಬಿಟ್ಟು ಸಾಲಿ ಮಾಸ್ತರನಾದ, ಅವನ ಹಿಂದೆ ನಾನೂ ಮಾಸ್ತರನಾದೆ. ಹೀಗಾಗಿ ಮನೆತನದ ವಿದ್ಯೆ ಪೂರ್ತಿಯಾಗಿ ಅಪ್ಪನ ತಮ್ಮನಾದ ಈ ಕಾಕಾನ ಪಾಲಿಗೆ ಹೋಯಿತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಹಳೆಯ ಕೈಮಗ್ಗ ಅವನದು. ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ ಎಳೆಗಳಿಗೆ ಹಾಸು ಎನ್ನುತ್ತಾರೆ. ಹಾಸಿನ ತುದಿಗೊಂದು ಹಗ್ಗ; ಆ ಹಗ್ಗ ಸುತ್ತಿಕೊಂಡು ಬಂದು ನೇಕಾರನ ಬಲಗೈ ಪಕ್ಕದ ಗೂಟಕ್ಕೆ ಬಿಗಿದಿರುತ್ತದೆ. ಹಗಲೆಲ್ಲ ಹಾಸು ಬಿಗಿಯಾಗಿರಬೇಕು, ಬಿಗಿ ಇಲ್ಲದೆ ಬಟ್ಟೆ ಇಲ್ಲ. ಆದರೆ ಸಂಜೆ ಮಗ್ಗ ಬಿಟ್ಟು ಏಳುವಾಗ ಗೂಟದ ಹಗ್ಗವನ್ನು ಎರಡು ಸುತ್ತು ಸಡಿಲಿಸಿಯೇ ಏಳಬೇಕು. ದಿನವಿಡೀ ಎಳೆಸಿಕೊಂಡ ದಾರ ಇರುಳು ದಣಿವಾರಿಸಿಕೊಳ್ಳಬೇಡವೇ? ಇದು ನಮ್ಮ ಮನೆತನದ ರೂಢಿ. ಇದರಲ್ಲಿ ವಿಚಿತ್ರವೇನೂ ಇಲ್ಲ. ವಿಚಿತ್ರವಿರುವುದು, ಈ ರೂಢಿಯನ್ನು ನಮ್ಮ ಕಾಕಾ ಸಮಸ್ತ ಚರಾಚರಗಳಿಗೂ ಅನ್ವಯಿಸಿದ್ದರಲ್ಲಿ.

ಅವನ ಆರು ಗಂಟೆ ಗಡಿಯಾರದ ಆರು ಗಂಟೆಯಲ್ಲ. ಅಡಿಗೆಮನೆಯಿಂದ ಕಾಕಿ "ಸಂಜಿ ಆತ್ರೀ!" ಎಂದು ಕೂಗಿದಾಗ ಆರು. ಆಗ ರೇಡಿಯೋ ಬೇರೆ ಹೇಳಿದರೆ ರೇಡಿಯೋದ್ದು ತಪ್ಪು.

ಇಂಥ ಮನುಷ್ಯ ಕಳೆದ ಹತ್ತು ತಿಂಗಳಿಂದ ತನ್ನ ಸ್ವಂತ ಮಗ್ಗದ ಹಾಸನ್ನು ಒಂದು ಸಂಜೆಯೂ ಸಡಿಲಿಸಿಲ್ಲ. ಹತ್ತು ತಿಂಗಳು! ಅದನ್ನು ಹೇಗಾದರೂ ಮಾಡಿ ಸಡಿಲಿಸಿ ಬಾ ಎಂದು ಮನೆಯವರೆಲ್ಲ ಸೇರಿ ಹೋದ ತಿಂಗಳು ನನ್ನನ್ನು ಇಳಕಲ್ಲಿಗೆ ಅಟ್ಟಿದರು. ಹೋಗಿ ಏನು ಮಾಡಿ ಬಂದೆ ಎಂಬುದನ್ನು ಹೇಳುತ್ತೇನೆ. ಅದಕ್ಕೆ ಮುಂಚೆ ಈ ಕಾಕಾ ಎಂಥವನೆಂಬುದಕ್ಕೆ ಒಂದೆರಡು ಸಾಕ್ಷಿ ಒದಗಿಸದಿದ್ದರೆ ಆ ಹತ್ತು ತಿಂಗಳ ಭಾರ ನಿಮಗೆ ಹತ್ತುವುದಿಲ್ಲ.

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಅಲ್ಲಿ ಮನುಷ್ಯನಿಗೆ ಹೆಸರಿಗಿಂತ ಮೊದಲು ಸೆಕ್ಟರ್ ನಂಬರು ಇರುತ್ತದೆ. ಕಾಕಾ ವರ್ಷಕ್ಕೆರಡು ಸಲ ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದ. ಬಂದ ದಿನವೇ ಸಂಜೆ ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯ ಗಂಟು ಬಿಚ್ಚುತ್ತಿದ್ದ. ಒದ್ದೆ ಸೀರೆ, ಪಂಚೆ, ನನ್ನ ಬನಿಯನ್ ಸಮೇತ ಎಲ್ಲವೂ ಮೆಲ್ಲಗೆ ಮಣ್ಣಿಗೆ ಸಾಷ್ಟಾಂಗ ಹಾಕುತ್ತಿದ್ದವು. ನನ್ನ ಹೆಂಡತಿ ಹೊರಗೆ ಬಂದು ನೋಡಿ ಉಸಿರು ಬಿಗಿಹಿಡಿಯುತ್ತಿದ್ದಳು.

"ಏನವ್ವಾ, ಮುಂಜಾನಿಂದ ಎಳಸ್ಕೊಂಡ ನಿಂತಿತ್ತು ಪಾಪ, ದಣದಿತ್ತು," ಎನ್ನುತ್ತಿದ್ದ ಕಾಕಾ.

"ಕಾಕಾರ, ನಿಮ್ಮ ತಂತಿ ದಣದಿರಬಹುದು. ಈಗ ಎರಡನೇ ಸಲ ಒಗ್ಯಾಕ ಹೋಗಾಕಿ ನಾ!"

"ನಿನ್ನ ಉಸುರು ಭಾಳ ಬಿಗದೈತಿ ನೋಡವಾ. ಬಿಡು ಒಂದೀಟು."

ಅವಳು ಬಿಡುತ್ತಿದ್ದಳು. ಆ ಉಸಿರಿನ ಜೊತೆಗೆ ಬರುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯಲಾಗದು.

ನನ್ನ ಮೇಲೂ ಅವನ ಕೃಪೆ ಇತ್ತು. ಸಂಜೆ ಚಹಾ ಕುಡಿಯುತ್ತ ಕೂತಿದ್ದರೆ ಮಾತಾಡುತ್ತಾಡುತ್ತ ನನ್ನ ಎಡಗೈ ಎಳೆದುಕೊಂಡು ಗಡಿಯಾರದ ಪಟ್ಟಿಯನ್ನು ಒಂದು ತೂತು ಹಿಂದಕ್ಕೆ ಹಾಕುತ್ತಿದ್ದ. "ಮಾಸ್ತರಾ, ಹೊತ್ತು ತಾನ ಓಡತೈತಿ. ಅದನ್ನ ಯಾಕ ಹಿಂಗ ಕೈಗೆ ಬಿಗದು ಕಟ್ಟೀದಿ?" ಮರುದಿನ ಮುಂಜಾನೆ ತಾನೇ ಮತ್ತೆ ಬಿಗಿ ಮಾಡುತ್ತಿದ್ದ. ಅದು ಅವನ ಧರ್ಮದ ಉತ್ತರಾರ್ಧ. ಮುಂಜಾನೆ ಸಡಿಲ ಇರುವುದೂ ಅವನ ದೃಷ್ಟಿಯಲ್ಲಿ ಪಾಪವೇ.

ಹುನಗುಂದದಲ್ಲಿ ನಮ್ಮ ಸಂಬಂಧಿಕರ ಮದುವೆಯಾಯಿತು. ಆ ಮದುವೆಯನ್ನು ಎರಡೂ ಬೀಗರು ಇಂದಿಗೂ ಮರೆತಿಲ್ಲ. ಮನೆಯ ಮುಂದೆ ದೊಡ್ಡ ಪೆಂಡಾಲು, ಸುತ್ತ ಗೂಟ, ಗೂಟಕ್ಕೆ ಬಿಗಿದ ಹಗ್ಗ. ಅಕ್ಷತೆ ಮಧ್ಯಾಹ್ನವೇ ಮುಗಿದಿತ್ತು. ಗಂಡಿನ ಕಡೆಯ ಕೊನೆಯ ಪಂಕ್ತಿ ಊಟಕ್ಕೆ ಕೂತಾಗ ಹೊತ್ತು ಇಳಿದಿತ್ತು. ಒಳಗಿನಿಂದ ಕಾಕಿ ಯಾವುದೋ ಕೂಸಿಗೆ "ಸಂಜಿ ಆತು, ಮಾರಿ ತೊಳಕೊ" ಎಂದಳಂತೆ. ಅಷ್ಟೇ! ಕಾಕಾ ಎದ್ದ. ಒಂದು ಗೂಟ, ಎರಡು ಗೂಟ, ಮೂರು ಗೂಟ...

ಪೆಂಡಾಲು ಧೊಪ್ಪೆಂದು ಬೀಳಲಿಲ್ಲ. ಬಹಳ ಗೌರವದಿಂದ, ದೊಡ್ಡವರ ಮುಂದೆ ತಲೆ ಬಾಗಿಸುವ ಸೊಸೆಯ ಹಾಗೆ ಇಳಿಯಿತು. ಕೆಳಗೆ ನಲವತ್ತು ಮಂದಿ, ಅವರ ಮುಂದೆ ಹೋಳಿಗೆ. ಹೆಣ್ಣಿನ ತಂದೆ ಎದೆ ಹಿಡಿದುಕೊಂಡು ನಿಂತಲ್ಲೇ ಕುಸಿದ. ಮದುವೆ ಮುರಿಯಿತೆಂದೇ ನಾವೆಲ್ಲ ತಿಳಿದೆವು. ಅಷ್ಟರಲ್ಲಿ ಬಟ್ಟೆಯ ಅಡಿಯಿಂದ ಗಂಡಿನ ತಂದೆಯ ಗಂಭೀರ ದನಿ ಕೇಳಿಬಂತು: "ಕರೆಂಟ್ ಹೋತೇನ್ರಿ? ಇರ್ಲಿ ಬಿಡ್ರಿ, ಇತ್ತ ತುಪ್ಪ ನೀಡ್ರಿ."

ಮದುವೆ ಉಳಿಯಿತು. ಕಾಕಾನಿಗೆ ಮಾತ್ರ ಅಂದಿನಿಂದ ಯಾವ ಮದುವೆಯಲ್ಲೂ ಪೆಂಡಾಲಿನ ಒಳಗೇ ಕೂರುವ ಶಿಕ್ಷೆ. ಪಕ್ಕದಲ್ಲಿ ಕಾವಲಿಗೆ ಕಾಕಿ.

ಈಗ ನನ್ನ ವಿಷಯಕ್ಕೆ ಬರಬೇಕು. ನಿವೃತ್ತಿಯಾದ ವರ್ಷ ನನಗೆ ರಕ್ತದೊತ್ತಡ ಶುರುವಾಯಿತು. ಡಾಕ್ಟರು ಕೈಗೆ ಪಟ್ಟಿ ಸುತ್ತಿ, ಗಾಳಿ ಊದಿ, ಮುಖ ಸಪ್ಪಗೆ ಮಾಡಿ, "ಸರ್, ಟೆನ್ಷನ್ ತಗೋಬ್ಯಾಡ್ರಿ" ಎಂದರು. ನಮ್ಮ ಅಪ್ಪನ ಕಾಲದಲ್ಲಿ ಜನಕ್ಕೆ ಚಿಂತೆ ಇತ್ತು, ಕಾಳಜಿ ಇತ್ತು, ಹೆದರಿಕೆ ಇತ್ತು, ಹೊಟ್ಟೆಸಂಕಟ ಇತ್ತು. ಒಂದೊಂದಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಕಷಾಯ. ಈಗ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಟೆನ್ಷನ್ ಎಂದು ಚೀಟಿ ಅಂಟಿಸಿದ್ದಾರೆ. ಒಂದನೇ ಇಯತ್ತೆಯ ಮಗುವಿಗೂ ಅದು ಇದೆ, ಮಗುವಿನ ಅಜ್ಜನಿಗೂ ಇದೆ. ನನಗೂ ಬಂತಲ್ಲ ಎಂದು, ನಿಜ ಹೇಳಬೇಕೆಂದರೆ, ನನಗೆ ಚೂರು ಹೆಮ್ಮೆಯೇ ಆಯಿತು!

ಯಾರೋ ಹೇಳಿದರು, ಬಾದಾಮಿಯಲ್ಲಿ ಮೂರು ದಿನದ ಒತ್ತಡ ನಿವಾರಣಾ ಶಿಬಿರ ಇದೆಯಂತೆ. ಒಬ್ಬನೇ ಹೋಗಲು ಬೇಸರವೆಂದು ಕಾಕಾನನ್ನೂ ಕರೆದೊಯ್ದೆ. ನನ್ನ ಜೀವನದ ತಪ್ಪುಗಳ ಪಟ್ಟಿ ಯಾರಾದರೂ ಬರೆದರೆ ಇದಕ್ಕೆ ಮೇಲಿನ ಐದರಲ್ಲಿ ಜಾಗ ಕೊಡಬೇಕು.

ಗುಡ್ಡದ ಬುಡದಲ್ಲೊಂದು ಕಲ್ಯಾಣಮಂಟಪ. ನಾವೆಲ್ಲ ಚಾಪೆಯ ಮೇಲೆ ಕೂತೆವು. ಬಿಳಿ ಜುಬ್ಬಾದ ಗುರುಗಳು ತಂಪು ದನಿಯಲ್ಲಿ ಹೇಳಿದರು: "ದೇಹವನ್ನು ಸಡಿಲ ಬಿಡಿ. ಮನಸ್ಸನ್ನು ಸಡಿಲ ಬಿಡಿ."

ಕಾಕಾ ಎದ್ದು ನಿಂತ. "ಗುರುಗಳ, ಈಗ ಮುಂಜಾನಿ ಹತ್ತು. ಈಗ ಸಡ್ಲ ಬಿಟ್ರ ಮಂದಿ ನೇಯೂದು ಯಾವಾಗ್ರಿ?"

ಗುರುಗಳು ನಕ್ಕರು. "ಹಿರಿಯರೇ, ಒತ್ತಡವೇ ಎಲ್ಲ ರೋಗಗಳ ಮೂಲ."

"ಅಲ್ಲರಿ. ಬಿಗಿ ಇದ್ರ ರೋಗ ಅಲ್ಲ. ಸಂಜಿಗೆ ಬಿಡದಿದ್ರ ರೋಗ." ಇಷ್ಟು ಹೇಳಿ ಹೆಗಲ ಮೇಲಿನ ಟವೆಲ್ ತೆಗೆದು ಅದರ ಒಂದು ತುದಿಯನ್ನು ಗುರುಗಳ ಕೈಗೆ ಕೊಟ್ಟ. ಇನ್ನೊಂದು ತುದಿ ತಾನು ಹಿಡಿದು ಹಿಂದಕ್ಕೆ ವಾಲಿದ. "ಎಳೀರಿ. ಈಗ ನೋಡ್ರಿ, ನೀವೂ ವಾಲೀರಿ, ನಾನೂ ವಾಲೀನಿ, ಇಬ್ಬರೂ ಬಿದ್ದಿಲ್ಲ. ನಮ್ಮನ್ನ ಹಿಡದಿದ್ದು ಏನ್ರಿ?"

ಗುರುಗಳು ಉತ್ತರ ಕೊಡುವ ಬದಲು ಟವೆಲ್ ಬಿಟ್ಟರು. ಕಾಕಾ ಧಪ್ಪೆಂದು ಹಿಂದಿನ ಚಾಪೆಯ ಬ್ಯಾಂಕ್ ಮ್ಯಾನೇಜರರ ಮಡಿಲಲ್ಲಿ ಕೂತ. "ಹ್ಞಾಂ!" ಎಂದ ಅಲ್ಲಿಂದಲೇ, ವಾದ ಗೆದ್ದವನ ಹಾಗೆ. "ಯಾವಾಗ ಬೇಕಾದ್ರ ಆವಾಗ ಬಿಟ್ರ ಹಿಂಗ ಆಗತೈತಿ!"

ಆಮೇಲೆ ಗುರುಗಳು ನಮ್ಮೆಲ್ಲರ ಕಣ್ಣು ಮುಚ್ಚಿಸಿದರು. ಕಾಲು ಗಂಟೆ ಮೌನ. "ನಿಮ್ಮ ಭಾರಗಳೆಲ್ಲ ಒಂದೊಂದಾಗಿ ನಿಮ್ಮನ್ನು ಬಿಟ್ಟು ಹೋಗುತ್ತಿವೆ," ಎಂದರು. ಅವರ ಮಾತು ಅಕ್ಷರಶಃ ಸತ್ಯವಾಗಿತ್ತು. ಕಣ್ಣು ತೆರೆದಾಗ ಬಾದಾಮಿಯ ಮಂಗಗಳು ನಮ್ಮ ಚೀಲಗಳನ್ನು ಒಂದೊಂದಾಗಿ ಗುಡ್ಡಕ್ಕೆ ಸಾಗಿಸುತ್ತಿದ್ದವು! ನನ್ನ ಚೀಲದಲ್ಲಿ ರಕ್ತದೊತ್ತಡದ ಗುಳಿಗೆಗಳಿದ್ದವು. ಅವನ್ನು ತಿಂದ ಮಂಗ ಆಮೇಲೆ ಎಷ್ಟು ಶಾಂತವಾಯಿತೋ ತಿಳಿಯದು. ನಾನಂತೂ ಶಾಂತನಾಗಲಿಲ್ಲ.

ವಾಪಸು ಬರುವಾಗ ಮಹಾಕೂಟದ ಹೊಂಡದಲ್ಲಿ ಮುಳುಗಿ ಎದ್ದೆವು. ತಣ್ಣನೆಯ ನೀರಲ್ಲಿ ಕುತ್ತಿಗೆಯವರೆಗೆ ನಿಂತು ಕಾಕಾ ಹೇಳಿದ ಮಾತು ನೆನಪಿದೆ: "ನಿನ್ನ ಟೆನ್ಷನ್ ಏನೂ ಅಲ್ಲೋ ಮಾಸ್ತರಾ. ನಿನಗ 'ಸಂಜಿ ಆತು' ಅನ್ನಾವರು ಯಾರೂ ಇಲ್ಲ. ನನಗ ನಿಮ್ಮ ಕಾಕಿ ಅದಾಳ." ಆಗ ನನಗೆ ನಗು ಬಂದಿತ್ತು.

ಇದಾದ ಮರುವರ್ಷ ಕಾಕಿ ಬಿದ್ದಳು.

ಇಳಕಲ್ ಸೀರೆಯ ಮೈ ಒಂದು ಹಾಸು, ಸೆರಗು ಇನ್ನೊಂದು ಹಾಸು. ಮೈಯ ಎಳೆಗಳ ತುದಿಗೆ ಸೆರಗಿನ ಕೆಂಪು ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಕುಣಿಕೆಯೊಳಗೆ ಕುಣಿಕೆ ತೂರಿಸಿ ಜೋಡಿಸಬೇಕು. ಇದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಗಂಟಿಲ್ಲ, ಅಂಟಿಲ್ಲ. ಕೊನೆಯ ಕೊಂಡಿ ಬಿದ್ದು ಸೆರಗು ಕೂಡುವ ತನಕ ಅಲ್ಲಿಯವರೆಗಿನ ಕೊಂಡಿಗಳನ್ನು ಹಿಡಿದಿಡುವುದು ಎರಡೂ ಕಡೆಯ ಎಳೆತ ಮಾತ್ರ; ಅದು ಸಡಿಲಿದರೆ ಹಾಕಿದ ಕೊಂಡಿಗಳೆಲ್ಲ ಬಿಚ್ಚಿಕೊಳ್ಳುತ್ತವೆ. ನಮ್ಮ ಮನೆಯಲ್ಲಿ ಇದು ಕಾಕಿಯ ಕೆಲಸ. ಎರಡೂ ಕೈಯ ಬೆರಳುಗಳು ಒಂದನ್ನೊಂದು ನೋಡದೆಯೇ ಮಾತಾಡಿಕೊಳ್ಳುವ ಹಾಗೆ ಓಡುತ್ತಿದ್ದವು. ಕಾಕಾ ಎದುರಿಗೆ ಕೂತು ಎಳೆ ಕೊಡುತ್ತಿದ್ದ.

ಅಂದು ಮುಂಜಾನೆ ಅರ್ಧಕ್ಕಿಂತ ತುಸು ಹೆಚ್ಚು ಕೊಂಡಿಗಳಾಗಿದ್ದವು. ಕಾಕಿ ತಟ್ಟನೆ ನಿಂತಳು. ತನ್ನ ಎಡಗೈಯನ್ನು ಯಾರದೋ ಕೈ ಎಂಬಂತೆ ನೋಡಿದಳು. "ರೀ, ನನ್ನ ಕೈ ಎಲ್ಲಿ ಹೋತ್ರಿ?" ಎಂದಳು. ಆಮೇಲೆ ಪಕ್ಕಕ್ಕೆ ವಾಲಿದಳು.

ಲಕ್ವಾ. ಎಡಗೈ, ಎಡಗಾಲು, ಅರ್ಧ ನಾಲಿಗೆ.

ಬಾಗಲಕೋಟೆಯ ದವಾಖಾನೆಯಲ್ಲಿ ಹದಿನೈದು ದಿನ ಇಟ್ಟುಕೊಂಡರು. ಕಾಕಾ ಅಲ್ಲಿ ಡಾಕ್ಟರರಿಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಕಾಕಿಯ ತೋಳಿನ ನರವನ್ನು ಬೆರಳಿನಿಂದ ಮೀಟಿ ಕಿವಿಗೊಟ್ಟು ಕೇಳುತ್ತಿದ್ದ. ಅವನು ಹಾಸಿನ ಬಿಗಿ ನೋಡುವುದು ಹಾಗೆಯೇ. "ಸಪ್ಪಳ ಬರವಲ್ಲದು ಸಾಹೇಬ್ರ, ಪೂರಾ ಸಡ್ಲಾಗೇತಿ. ಗಂಜಿ ಹಚ್ಚಿ ನೋಡೂಣೇನು?" ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಮೊದಲ ದಿನ ನಕ್ಕಳು. ಎರಡನೆಯ ದಿನ ಅವನು ಗಂಜಿಯನ್ನು ಡಬ್ಬಿಯಲ್ಲಿ ತಂದಾಗ ನಗಲಿಲ್ಲ. ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಕೈಯನ್ನು ಹೇಗೆ ಹಿಡಿಯಬೇಕು, ಹೇಗೆ ಬಾಗಿಸಬೇಕು ಎಂದು ಕಲಿಸಿದಳು. ನಮ್ಮ ಸಾಲಿಯಲ್ಲಿ ಇಷ್ಟು ಶ್ರದ್ಧೆಯ ವಿದ್ಯಾರ್ಥಿಯನ್ನು ನಾನು ಮೂವತ್ತು ವರ್ಷದಲ್ಲಿ ಕಂಡಿಲ್ಲ.

ಮೂರನೆಯ ತಿಂಗಳು ತೋರಿಸಲು ಕರೆತಂದಾಗ ಕಾಕಾ ಬಸ್ಸಿನಿಂದ ಇಳಿದದ್ದೇ ಒಂದು ಮೆರವಣಿಗೆಯ ಹಾಗೆ. ಒಂದು ಕೈಯಲ್ಲಿ ಕಾಕಿ, ಇನ್ನೊಂದರಲ್ಲಿ ಅಮೀನಗಡದ ಕರದಂಟಿನ ಎರಡು ಡಬ್ಬಿ! ದವಾಖಾನೆಯ ಸಾಲಿನಲ್ಲಿ ಕೂತ ಗುರುತು ಪರಿಚಯವಿಲ್ಲದ ರೋಗಿಗಳಿಗೆಲ್ಲ ಹಂಚಿದ. ಸಕ್ಕರೆ ಕಾಯಿಲೆಯವರಿಗೂ ಬಿಡಲಿಲ್ಲ.

"ಏನಿದು ಕಾಕಾ?"

"ಬಿಗಿ ಬಂತಲೇ! ಆಕಿ ಕೈಗೆ ಬಿಗಿ ಬಂತು! ನೋಡ, ಮುಷ್ಟಿ ಹೆಂಗ ಹಿಡದಾಳ. ಬಿಡಸಾಕ ಹೋದ್ರ ನನಗ ಆಗವಲ್ಲದು!"

ಕಾಕಿಯ ಎಡಗೈ ಮುಷ್ಟಿಯಾಗಿತ್ತು, ನಿಜ. ಹೆಬ್ಬೆರಳು ಒಳಗೆ ಸಿಕ್ಕಿಕೊಂಡಿತ್ತು. ಕಾಕಿ ನಗುತ್ತಿದ್ದಳು, ಮುಖದ ಒಂದೇ ಬದಿಯಲ್ಲಿ.

ಡಾಕ್ಟರು ಕರದಂಟು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ಒಳಗೆ ಕರೆದರು. "ಸರ್, ಇದು ಚಲೋ ಬಿಗಿ ಅಲ್ಲ. ಲಕ್ವಾ ಆದವರಿಗೆ ಮೊದಲ ಕೈ ಸಡ್ಲ ಇರತೈತಿ, ಆಮ್ಯಾಲೆ ತಾನ ಬಿಗೀತದ. ಬಿಗಿ ಬ್ಯಾರೆ, ಬಲ ಬ್ಯಾರೆ. ಆ ಕೈ ಇನ್ನ ಕೆಲಸಕ್ಕ ಬರೂದಿಲ್ಲ. ನೀವ ಹೇಳ್ರಿ ಅವರಿಗೆ. ನನಗ ಈ ಕರದಂಟು ತಿಂದ ಬಾಯಾಗ ಹೇಳಾಕ ಆಗೂದಿಲ್ಲ."

ನಾನೂ ತಿಂದಿದ್ದೆ. ಹೇಳಲಿಲ್ಲ.

ಇಂದು ಹೇಳೋಣ, ನಾಳೆ ಹೇಳೋಣ ಎಂದು ಏಳು ತಿಂಗಳು ಕಳೆದೆ. ಪ್ರತಿ ಭಾನುವಾರ ಅವನು ಫೋನಿನಲ್ಲಿ "ಇನ್ನೂ ಚೂರು ಬಿಗಿ ಬಂದೈತಿ" ಎಂದಾಗ "ಹೌದಾ, ಭಾಳ ಚಲೋ ಆತು" ಎನ್ನುತ್ತಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕು ಎಂದು ಬರೆಸಿದ ಕೈ ಇದು! ಡಾಕ್ಟರು ನನ್ನ ಗುಳಿಗೆಯನ್ನು ಒಂದರಿಂದ ಎರಡು ಮಾಡಿದರು. "ಸರ್, ಮತ್ತ ಟೆನ್ಷನ್ ತಗೊಂಡೀರಿ?" ನಾನು ಎಲ್ಲಿ ತಗೊಂಡೆ? ಅವರೇ ತಾನೇ ಕರೆದು ಕೊಟ್ಟದ್ದು!

ಹೋದ ತಿಂಗಳು ಕಾಕಾನ ಮಗಳ ಫೋನು ಬಂತು. ಅವಳನ್ನು ಕೊಟ್ಟಿದ್ದು ಇಳಕಲ್ಲಿನಲ್ಲೇ, ಎರಡು ಓಣಿ ಆಚೆ. ದಿನಾ ಎರಡು ಹೊತ್ತು ಬಂದು ರೊಟ್ಟಿ ಬಡಿದು, ಅವ್ವನ ಮೈ ತೊಳೆದು ಹೋಗುತ್ತಾಳೆ.

"ಅಣ್ಣಾ, ನೀ ಬಾ. ಅಪ್ಪ ಆ ಹಾಸು ಬಿಡವಲ್ಲ. ಅವ್ವ ಬಿದ್ದ ದಿನ ಹೆಂಗ ಬಿಗದಿತ್ತೋ ಹಂಗ ಐತಿ. ಹಗಲಿ ಮಂದಿ ಮಗ್ಗದಾಗ ನೇದು ಬರ್ತಾನ. ಸಂಜಿಗೆ ಅವರ ಹಾಸು ಸಡ್ಲ ಮಾಡ್ತಾನ. ಮನಿಗೆ ಬಂದು ಇದರ ಮುಂದ ಕುಂದರ್ತಾನ. ನೀರ ಚುಮುಕಸ್ತಾನ, ಮೀಟಿ ನೋಡ್ತಾನ, ಹಗ್ಗ ಬಿಗೀತಾನ. ಅವನ ಕುತ್ತಿಗಿ ಹೆಂಗಾಗೇತಿ ಅಂದಿ? ತಿರಗವಲ್ಲದು. ಬಾಜು ಮನಿ ಅಕ್ಕ ಉಳದ ಕೊಂಡಿ ನಾ ಒಂದ ಹೊತ್ತಿನ್ಯಾಗ ಹಾಕತೇನಿ ಅಂದ್ಲು. ಅಕಿನ್ನ ಮಗ್ಗದ ಹತ್ರ ಬರಗೊಡಲಿಲ್ಲ. ಹಿಂಗಾದ್ರ ಅವ್ವನಕಿಂತ ಮೊದಲ ಇವನ ಹೊಕ್ಕಾನ. ಡಾಕ್ಟರು ಹೇಳಿದ್ದು ನೀ ಹೇಳಿಬಿಡು. ಹೇಳಿ ಆ ಹಗ್ಗ ಬಿಚ್ಚಿ ಹೋಗು."

ಹೋದೆ. ಅಮೀನಗಡದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಕರದಂಟಿನ ಅಂಗಡಿಯ ಕಡೆ ಮುಖ ಹಾಕಲಿಲ್ಲ.

ಮಗ್ಗದ ಕೋಣೆಯೇ ಆ ಮನೆಯ ದೊಡ್ಡ ಕೋಣೆ. ಒಂದು ಬದಿಗೆ ಕಾಕಿಯ ಮಂಚ, ಇನ್ನೊಂದು ಬದಿಗೆ ಮಗ್ಗ. ಹಾಸು ನಿಜಕ್ಕೂ ಹಾಗೆಯೇ ಇತ್ತು. ನೀಲಿ ಮೈ, ಅದರ ತುದಿಗೆ ಅರ್ಧದವರೆಗೆ ಸಾಲಾಗಿ ಕೆಂಪು ಕೊಂಡಿ, ಉಳಿದರ್ಧ ಬರಿದು. ಕಾಕಾ ಕುಣಿಯೊಳಗೆ ಕೂತಿದ್ದ. "ಕಾಕಾ" ಎಂದು ಕರೆದಾಗ ಕುತ್ತಿಗೆ ತಿರುಗಲಿಲ್ಲ. ಗುಡಿಯ ಬಾಗಿಲು ತೆರೆದ ಹಾಗೆ ಇಡೀ ಮನುಷ್ಯ ತಿರುಗಿದ.

"ಬಂದೀ ಮಾಸ್ತರಾ? ಕುಂದ್ರು."

ಕೂತೆ. ದಾರಿಯುದ್ದಕ್ಕೂ ಮಾತು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಕಾಕಿಗೆ ಜೋಂಪು ಹತ್ತಿದ್ದನ್ನು ನೋಡಿ ಮೆಲ್ಲಗೆ ಶುರು ಮಾಡಿದೆ. "ಕಾಕಾ, ಡಾಕ್ಟರು ಒಂದ ಮಾತು ಹೇಳಿದ್ರು..."

"ಕೈ ಬರೂದಿಲ್ಲ ಅಂತ. ಅದ ಹೌದಲ್ಲೋ?"

"ನಿನಗ ಯಾರು ಹೇಳಿದ್ರು?"

"ನಿನ್ನ ಮಾರಿ. ಅವತ್ತ ಡಾಕ್ಟರ ಕೋಣ್ಯಾಗಿಂದ ಹೊರಗ ಬಂದ್ಯಲ್ಲ, ಅವತ್ತಿಂದ ಬಿಗದೈತಿ. ಫೋನಿನ್ಯಾಗ ನಿನ್ನ ದನಿನೂ ಹಂಗ ಐತಿ. ಸಂಜಿಗರ ಒಂದೀಟು ಬಿಡಬಾರದೇನೋ ಮಂಗ್ಯಾ."

ಏಳು ತಿಂಗಳು ನಾನು ಎರಡೆರಡು ಗುಳಿಗೆ ನುಂಗಿ ಕಾಪಾಡಿದ ರಹಸ್ಯದ ಗತಿ ಇದು! ನಾಚಿಕೆಯಿಂದ ಸಿಟ್ಟೇ ಬಂತು. "ಗೊತ್ತಿದ್ದ ಮ್ಯಾಲ ಇದನ್ನ ಯಾಕ ಹಿಂಗ ಬಿಗದ ಇಟ್ಟೀದಿ? ಯಾರ ಬಂದು ಉಳದ ಕೊಂಡಿ ಹಾಕಬೇಕು? ಹತ್ತು ತಿಂಗಳು ಬಿಗದ ದಾರ ಸೀರಿ ಆಕ್ಕಾವೇನು?"

"ಆಗೂದಿಲ್ಲ."

"ಮತ್ತ?"

ಕಾಕಾ ಎರಡು ಬೆರಳಿನಿಂದ ಹಾಸು ಮೀಟಿದ. ಸಣ್ಣ ದನಿ ಬಂತು. ಅದು ನಿಲ್ಲುವವರೆಗೆ ಕಿವಿಗೊಟ್ಟ.

"ಅವತ್ತ ಆಕಿ ವಾಲಿದಳಲ್ಲ. ಆಕಿ ಕೈಯಾಗಿನ ಎಳಿ ಜಾರಿದ್ವು. ಇತ್ತ ಎಳಿ, ಅತ್ತ ಆಕಿ. ನಾ ಯಾವುದು ಹಿಡದೆ ಅಂ‌ತಿ?"

ನಾನು ಗೂಟದ ಕಡೆ ನೋಡಿದೆ.

"ಎಳಿ ಹಿಡದೆ ಲೇ. ಮೊದಲ ಎಳಿ ಹಿಡದು ಗೂಟಕ್ಕ ಸುತ್ತಿದೆ. ಆಮ್ಯಾಲೆ ಆಕಿನ್ನ ಹಿಡದೆ. ಅಷ್ಟರಾಗ ಆಕಿ ತಲಿ ಮಗ್ಗದ ಕಟ್ಟಿಗಿಗೆ ಬಡದಿತ್ತು. ಸಣ್ಣಾಂವ ಇದ್ದಾಗಿಂದ ಎಳಿ ಹರೀಬಾರದು ಅಂತ ಕಲತ ಕೈ, ನನ್ನ ಕೇಳಲಿಲ್ಲ." ತನ್ನ ಬಲಗೈಯನ್ನು ಅವನೂ ಯಾರದೋ ಕೈ ಎಂಬಂತೆ ನೋಡಿದ. "ಆಕಿನ್ನ ಬಿಟ್ಟು ಇದನ್ನ ಹಿಡದೆ. ಈಗ ಇದನ್ನೂ ಬಿಡಂತೀ?"

ಎದ್ದು, ನೀರು ಚಿಮುಕಿಸುವ ತಂಬಿಗೆ ತುಂಬಿಕೊಂಡು ಬರಲು ಹಿತ್ತಲಿಗೆ ಹೋದ. ಹೆಗಲು ಎರಡೂ ಕಿವಿಯ ಹತ್ತಿರಕ್ಕೆ ಏರಿ ಅಲ್ಲೇ ನಿಂತುಬಿಟ್ಟಿದ್ದವು. ಇಳಿಸುವುದನ್ನು ಅವನು ಮರೆತಿದ್ದ.

"ತಮ್ಮಾ."

ಕಾಕಿ ಎಚ್ಚರವಿದ್ದಳು. ಬಲಗೈಯಿಂದ ಹತ್ತಿರ ಕರೆದಳು. ಅವಳ ಮಾತು ತೊದಲು, ನಿಧಾನ. ಒಂದೊಂದು ಅಕ್ಷರವನ್ನೂ ಎತ್ತಿ ತಂದು ಇಡುವ ಹಾಗೆ.

"ಎಲ್ಲಾ ಕೇಳಿದೆ. ಅವತ್ತ ನಾನ ಹೇಳಿದ್ದೆ. ಎಳಿ ಹಿಡೀರಿ ಅಂತ. ನಾಲಿಗಿ ತಿರಗಲಿಲ್ಲ. ಅವರಿಗೆ ಕೇಳಲಿಲ್ಲ."

"ಕಾಕೀ, ಇದನ್ನ ಅವಂಗ ಹೇಳೀಯೇನು?"

"ದಿನಾ ಹೇಳ್ತೇನಿ. ನನ್ನ ಸಮಾಧಾನ ಮಾಡಾಕ ಸುಳ್ಳ ಹೇಳ್ತಿ ಅಂತಾರ."

ಹಿತ್ತಲಲ್ಲಿ ನೀರಿನ ಸಪ್ಪಳವಿತ್ತು. ಗೂಟ ನನ್ನಿಂದ ಎರಡು ಹೆಜ್ಜೆ ದೂರದಲ್ಲಿತ್ತು. ಹಗ್ಗ ಎರಡು ಸುತ್ತು ಬಿಚ್ಚಿದರೆ ಮುಗಿಯಿತು, ಮನೆಯವರೆಲ್ಲ ನನ್ನನ್ನು ಕಳಿಸಿದ್ದು ಅದಕ್ಕೇ. ನಾನು ಎದ್ದು ಹಗ್ಗದ ಮೇಲೆ ಕೈ ಇಟ್ಟೆ. ಒಂದು ಕ್ಷಣ ಇಟ್ಟೇ ಇದ್ದೆ.

"ಬ್ಯಾಡ ತಮ್ಮಾ," ಎಂದಳು ಕಾಕಿ. "ಇರ್ಲಿ ಅದು. ಅವರಿಗೆ ಹಿಡಕೊಳ್ಳಾಕ ಏನರ ಬೇಕಲ್ಲ."

ನಾನು ಕೈ ತೆಗೆದೆ.

ಕಿಟಕಿಯ ಬೆಳಕು ಹಾಸಿನ ಮೇಲಿಂದ ಜಾರಿ ಗೋಡೆ ಹತ್ತಿತು. ಕಾಕಿ ಉಸಿರು ಕೂಡಿಸಿಕೊಂಡು ಹಿತ್ತಲಿನ ಕಡೆ ಕೂಗಿದಳು. ಮೊದಲಿನ ದನಿಯ ಕಾಲು ಭಾಗವೂ ಇರಲಿಲ್ಲ, ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಆದರೂ ಮಾತು ಅದೇ.

"ಸಂಜಿ ಆತ್ರೀ!"

"ಬಂದೆ," ಎಂದ ಕಾಕಾ.

ಬಂದವನು ಮಗ್ಗದ ಕಡೆ ಹೋಗಲಿಲ್ಲ. ಒಲೆಯ ಬದಿಯಲ್ಲಿ ಬೆಚ್ಚಗಿಟ್ಟ ಎಣ್ಣೆಯ ಬಟ್ಟಲು ತಂದು ಮಂಚದ ಅಂಚಿಗೆ ಕೂತ. ಕಾಕಿಯ ಎಡಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಇದನ್ನು ಅವನ ಮಗಳು ಫೋನಿನಲ್ಲಿ ನನಗೆ ಹೇಳಿರಲಿಲ್ಲ. ದವಾಖಾನೆಯ ಆ ಹುಡುಗಿ ಕಲಿಸಿದಂತೆ ಮೊದಲು ಮಣಿಕಟ್ಟನ್ನು ಮೆಲ್ಲಗೆ ಒಳಗೆ ಬಾಗಿಸಿದ. ಆಮೇಲೆ ಹೆಬ್ಬೆರಳು. ಎಳೆಯಲಿಲ್ಲ, ಒತ್ತಲಿಲ್ಲ, ದಾರ ತಾನೇ ಬರುವವರೆಗೆ ಕಾಯುವವನ ಹಾಗೆ ಕಾದ. ಹೆಬ್ಬೆರಳು ಬಂತು. ಆಮೇಲೆ ತೋರುಬೆರಳು, ಆಮೇಲೆ ನಡುಬೆರಳು. ಒಂದೊಂದು ಬಿಚ್ಚಿದಾಗಲೂ ಕಾಕಿ ಮುಖದ ಒಂದು ಬದಿಯಲ್ಲಿ ನಕ್ಕಳು.

ಮುಂಜಾನೆಯ ಹೊತ್ತಿಗೆ ಐದೂ ಮತ್ತೆ ಮುಚ್ಚಿಕೊಂಡಿರುತ್ತವೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಕಿರುಬೆರಳು ಬಿಚ್ಚಿದ ಮೇಲೆ ಅಂಗೈಗೆ ಎಣ್ಣೆ ಸವರುತ್ತ, ನನ್ನ ಕಡೆ ತಿರುಗಲಾಗದೆ, ಗೋಡೆಗೆ ಮುಖ ಮಾಡಿಯೇ ಕಾಕಾ ಹೇಳಿದ: "ಮಾಸ್ತರಾ, ನಿನ್ನ ಗಡಿಯಾರ."

ನಾನು ಪಟ್ಟಿಯನ್ನು ಒಂದು ತೂತು ಹಿಂದಕ್ಕೆ ಹಾಕಿಕೊಂಡೆ.